ಜ್ವರದಲ್ಲಿರುವ ಹುಳಕ್ಕೆ ಸೊಪ್ಪು ಹಾಕಬಾರದು

ನನ್ನ ಬಾಯಿಗೆ ಬೀಗವಿಲ್ಲ ಎಂಬುದು ಗೌರಿಬಿದನೂರಿನ ನಮ್ಮ ಬೀದಿಗೆಲ್ಲ ಗೊತ್ತಿದ್ದ ಸಂಗತಿ. ಯಾರು ಮಾತು ಶುರು ಮಾಡಿದರೂ ಮುಗಿಸುವವಳು ನಾನೇ. ಬಸ್ಸಿನ ಕಂಡಕ್ಟರು "ಅಮ್ಮಾ, ಸ್ವಲ್ಪ..." ಅನ್ನುವಷ್ಟರಲ್ಲಿ "ಮುಂದೆ ಹೋಗಕ್ಕೆ ಜಾಗ ಎಲ್ಲಿದೆಯಪ್ಪ?" ಎಂದಿರುತ್ತಿದ್ದೆ. ಇಂಥವಳು ಟೀಚರಾಗದೆ ಇನ್ನೇನಾಗ್ತಾಳೆ ಎಂದು ನಮ್ಮಮ್ಮ ಅನ್ನುತ್ತಿದ್ದಳು. ಹಾಗೇ ಆಯಿತು. ಜಂಗಮಕೋಟೆ ಕಡೆಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತೇನೆ. ಶಿಡ್ಲಘಟ್ಟದಲ್ಲಿ ಮನೆ, ದಿನಾ ಬಸ್ಸು.

ಇನ್ನೊಂದು ಸಂಗತಿಯನ್ನು ಮಾತ್ರ ನಾನು ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ. ನನಗೆ ಹುಳ ಕಂಡರೆ ಭಯ. ಮೆತ್ತಗೆ, ತಣ್ಣಗೆ, ಕೈಮೇಲೆ ಹರಿಯುವ ಯಾವುದೇ ಹುಳವಾದರೂ ಸರಿ, ನೆನೆಸಿಕೊಂಡರೇ ಮೈ ಜುಮ್ಮೆನ್ನುತ್ತದೆ. ರೇಷ್ಮೆ ಸೀಮೆಯಲ್ಲಿ ವಿಜ್ಞಾನದ ಟೀಚರಾಗಿ ಹೀಗಂದರೆ, ರಾಗಿಹಿಟ್ಟು ಮುಟ್ಟದವಳು ಮುದ್ದೆ ತಿರುವೋಕೆ ಕೂತ ಹಾಗೆ. ನಮ್ಮ ಮಕ್ಕಳಲ್ಲಿ ಅರ್ಧಕ್ಕರ್ಧ ಬೆಳಿಗ್ಗೆ ಹುಳಕ್ಕೆ ಸೊಪ್ಪು ಹಾಕಿಯೇ ಸ್ಕೂಲಿಗೆ ಬರುವವರು.

ಫೋನಿನಲ್ಲಿ ಎಐ ಬಂದ ಹೊಸದರಲ್ಲಿ ನಾನೊಂದು ಆಟ ಹೂಡಿದ್ದೆ. ಬೋರ್ಡಿನ ಮೇಲೆ ಮೂರು ಮನೆ ಬರೆಯುವುದು: ನಾವೇನಂತೀವಿ, ಫೋನೇನನ್ನುತ್ತೆ, ಕಣ್ಣೇನು ಕಂಡಿತು. ಪ್ರಯೋಗ ಮಾಡುವ ಮೊದಲು ಮಕ್ಕಳು ತಮ್ಮ ಊಹೆ ಹೇಳಬೇಕು, ಆಮೇಲೆ ಎಐಯನ್ನು ಕೇಳಬೇಕು, ಕೊನೆಗೆ ಪ್ರಯೋಗವೇ ತೀರ್ಪು ಕೊಡಬೇಕು. ಮಕ್ಕಳು ಆ ಎಐಗೆ 'ಕೃತಕಣ್ಣ' ಎಂದು ನಾಮಕರಣ ಮಾಡಿದರು. ಒಂದು ದಿನ ಸೋಡಾದಲ್ಲಿ ಒಣದ್ರಾಕ್ಷಿ ಹಾಕಿದರೆ ಏನಾಗುತ್ತದೆ ಎಂದು ಕೇಳಿದೆವು. ಗುಳ್ಳೆ ಹಿಡಿದುಕೊಂಡು ಮೇಲೆ ಕೆಳಗೆ ಕುಣಿಯುತ್ತದೆ ಎಂದ ಕೃತಕಣ್ಣ. ಹಾಕಿದೆವು. ದ್ರಾಕ್ಷಿ ತಳಕ್ಕೆ ಹೋಗಿ ಕೂತದ್ದು ಕೂತೇ ಇತ್ತು. ಕ್ಲಾಸೆಲ್ಲ ಹೋ ಎಂದಿತು. ಬಾಟಲಿಯನ್ನು ನಾನು ಹಿಂದಿನ ದಿನವೇ ಮುಚ್ಚಳ ತೆಗೆದು ಅರ್ಧ ಕುಡಿದಿಟ್ಟಿದ್ದೆ ಎಂದು ಅವರೇ ಪತ್ತೆ ಹಚ್ಚಿದರು. ಫೋನು ಹೇಳಿದ್ದು ಸುಳ್ಳಾಗಿರಲಿಲ್ಲ, ನನ್ನ ಸೋಡಾ ಸತ್ತಿತ್ತು, ಅದು ಫೋನಿಗೆ ಹೇಗೆ ಗೊತ್ತಾಗಬೇಕು? ಆವತ್ತು ಗ್ಯಾಸಿನ ಪಾಠ ಯಾರಿಗೂ ಬಾಯಿಪಾಠ ಮಾಡಿಸಬೇಕಾಗಲಿಲ್ಲ.

ಈ ಆಟವನ್ನು ಎಲ್ಲರಿಗಿಂತ ಹೆಚ್ಚು ಹಚ್ಚಿಕೊಂಡವಳು ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿ. ಅವಳಿಗೆ ಮಾತು ತಡೆಯುತ್ತಿತ್ತು. ಒಂದು ಅಕ್ಷರದ ಮೇಲೆ ನಿಂತುಬಿಟ್ಟರೆ ಕತ್ತಿನ ನರ ಉಬ್ಬಿ, ಕಣ್ಣು ನೆಲ ನೋಡುವುದು. ಪಕ್ಕದವರು ಕಿಸಕ್ಕನೆ ನಗುವ ಮೊದಲೇ ನಾನು ಮುಂದೆ ಬಿದ್ದು ಅವಳ ಮಾತು ಮುಗಿಸಿಬಿಡುತ್ತಿದ್ದೆ. "ಉಷ್ಣ ಅಲ್ವೇನಮ್ಮ? ಗುಡ್, ಕೂತ್ಕೋ." ಅವಳನ್ನು ಕಾಪಾಡಿದೆ ಎಂದೇ ನನ್ನ ಲೆಕ್ಕ. ಆದರೆ ಫೋನು ಕೈಗೆ ಸಿಕ್ಕರೆ ಅವಳು ಟೈಪ್ ಮಾಡಿ ಮಾಡಿ ಪ್ರಶ್ನೆಯ ಮೇಲೆ ಪ್ರಶ್ನೆ ಹಾಕುತ್ತಿದ್ದಳು. ಅಬ್ಬಾ, ಎಂಥೆಂಥ ಪ್ರಶ್ನೆಗಳು!

ಅದರಲ್ಲಿ ಒಂದು ಇದು: ಗೂಡು ಕಟ್ಟುವ ಹೊತ್ತಿಗೆ ರೇಷ್ಮೆಹುಳಕ್ಕೆ ಆತುಕೊಳ್ಳಲು ಒಂದು ಸಂದಿಯೂ ಸಿಗದೆ, ಬರೀ ಬಟ್ಟಬಯಲಿನಂಥ ಹಲಗೆ ಸಿಕ್ಕರೆ ಏನು ಮಾಡುತ್ತದೆ? ನಮ್ಮ ಕಡೆ ಹಣ್ಣಾದ ಹುಳವನ್ನು, ಅಂದರೆ ತಿನ್ನುವುದು ನಿಲ್ಲಿಸಿ ನೂಲು ಬಿಡಲು ತಯಾರಾದದ್ದನ್ನು, ಚಂದ್ರಿಕೆಗೆ ಬಿಡುತ್ತಾರೆ. ಬಿದಿರಿನ ತಟ್ಟೆಯ ಮೇಲೆ ಸುತ್ತುಸುತ್ತಾಗಿ ಗೋಡೆ ಕಟ್ಟಿರುತ್ತದಲ್ಲ, ಅದು. ಅದಿಲ್ಲದಿದ್ದರೆ ಹುಳ ಸಾಯುತ್ತದೆ ಎಂದರು ಕೆಲವರು. ಗೋಡೆ ಹತ್ತಿ ಓಡಿಹೋಗುತ್ತೆ ಮಿಸ್ ಎಂದರು ಕೆಲವರು. ಕೃತಕಣ್ಣ ಮಾತ್ರ, ಗೂಡಿನ ಬದಲು ಹಾಳೆಯ ಹಾಗೆ ಚಪ್ಪಟೆಯಾಗಿ ನೂಲು ಹಾಸಬಹುದು, ಮಾಡಿ ನೋಡಿ ಎಂದ. ತಾಲ್ಲೂಕಿನ ವಿಜ್ಞಾನ ಪ್ರದರ್ಶನಕ್ಕೆ ಇದನ್ನೇ ಒಯ್ಯೋಣ ಎಂದು ನಾನು ಕುಣಿದೆ. ಜೊತೆಗೆ ಮಹಾ ಉಪಾಯವೊಂದನ್ನೂ ಮಾಡಿದೆ. ವಿವರಣೆಯನ್ನು ಹುಡುಗಿ ಬರೆದುಕೊಡಲಿ, ಎಐ ಅದನ್ನು ಒಳ್ಳೆಯ ದನಿಯಲ್ಲಿ ಓದಿ ಹೇಳಲಿ. ಅವಳು ಬಾಯಿ ತೆರೆಯುವ ಕಷ್ಟವೇ ಇಲ್ಲ! ಅವಳು ತಲೆಯಾಡಿಸಿದಳು. ಒಪ್ಪಿದಳೆಂದುಕೊಂಡೆ.

ಹುಳ ನೋಡಿಕೊಂಡು ಬರಲು ಒಂದು ಸಂಜೆ ಅವಳ ಮನೆಗೆ ಹೋದೆ. ಹುಳದ ಮನೆಯ ಬಾಗಿಲಲ್ಲಿ ಅವಳ ಅಜ್ಜಿ ನನ್ನ ಕಾಲಿಗೆ ತಾನೇ ನೀರು ಹಾಕಿ, ಹುಳಕ್ಕೆ ರೋಗ ತಾಗದಿರಲೆಂದು ಸುಣ್ಣದ ಪುಡಿ ತುಳಿಸಿ ಒಳಗೆ ಬಿಟ್ಟಳು. ಒಳಗೆ ಅಟ್ಟಣಿಗೆಗಳ ತುಂಬ ಸಾವಿರಗಟ್ಟಲೆ ಹುಳ. ನನ್ನ ಬೆನ್ನಿನ ಮೇಲೆಯೇ ಹರಿದ ಹಾಗಾಯಿತು. ಆದರೆ ಒಂದೂ ಅಲುಗಾಡುತ್ತಿಲ್ಲ. ಎಲ್ಲವೂ ತಲೆ ಎತ್ತಿ ಸುಮ್ಮನೆ ನಿಂತಿವೆ. ಹುಳ ಪೊರೆ ಬಿಡುವ ಮೊದಲು ಹೀಗೆ ಊಟ ಬಿಟ್ಟು ನಿಲ್ಲುತ್ತದೆ. ಅದಕ್ಕೆ ಇಲ್ಲಿಯವರು ಜ್ವರ ಎನ್ನುತ್ತಾರೆ. ನಾಲ್ಕು ಸಲ ಜ್ವರ, ಇದು ನಾಲ್ಕನೆಯದು. ನಾನು ಪಾಠದಲ್ಲಿ ಹತ್ತು ವರ್ಷದಿಂದ ಹೇಳಿದ್ದೇನೆ. ಆದರೂ ಎದುರಿಗೆ ಕಂಡಾಗ ಕೈ ಸುಮ್ಮನಿರಬೇಕಲ್ಲ?

"ಅಯ್ಯೋ, ಪಾಪ, ಹಸಿದಿವೆಯೇನೋ" ಎಂದು ಬುಟ್ಟಿಯಿಂದ ಒಂದು ಹಿಡಿ ಹಿಪ್ಪುನೇರಳೆ ಸೊಪ್ಪು ತೆಗೆದು ಹಾಕಲು ಹೋದೆ. ಅಜ್ಜಿ ನನ್ನ ಕೈ ಹಿಡಿದೇಬಿಟ್ಟಳು.

"ಉಂಡನೀ ತಲ್ಲಿ, ಅದೇ ಲೇಸ್ತುಂದಿ" ಎಂದಳು ತೆಲುಗಿನಲ್ಲಿ. ಆಮೇಲೆ ನನ್ನ ಮುಖ ನೋಡಿ ಕನ್ನಡಕ್ಕೆ ಬಂದಳು. "ಬಿಡಿ ಮೇಡಮ್ಮ, ಅದೇ ಏಳ್ತದೆ. ಜ್ವರದಾಗೆ ಇರೋ ಹುಳಕ್ಕೆ ಸೊಪ್ಪು ಹಾಕ್ಬಾರ್ದು, ಮುಟ್ಲೂಬಾರ್ದು. ನಾವು ಅರ್ಜೆಂಟ್ ಮಾಡಿದ್ರೆ ಕೆಡ್ತದೆ."

ಹುಡುಗಿ ಪಕ್ಕದಲ್ಲೇ ನಿಂತಿದ್ದಳು. "ಮಿಸ್, ನಂಗೆ ಪ್... ಪ್..." ಎಂದು ಶುರು ಮಾಡಿದಳು.

"ಪ್ರೈಜ್ ಬರುತ್ತಾ ಅಂತಾನಾ? ಬಂದೇ ಬರುತ್ತೆ ಕಣಮ್ಮ!" ಎಂದೆ.

ಅವಳು ಜೋರಾಗಿ ತಲೆಯಾಡಿಸಿ ಅಲ್ಲ ಎಂದಳು. ಕಣ್ಣಲ್ಲಿ ನೀರು ಬಂದಿತ್ತು. ದುಃಖದ ನೀರಲ್ಲ, ಸಿಟ್ಟಿನದು. ನನ್ನ ಕೈಯಿಂದ ಫೋನು ಕಸಿದುಕೊಂಡು ಟೈಪ್ ಮಾಡಿ ನನ್ನ ಮುಖಕ್ಕೆ ಹಿಡಿದಳು. "ನಂಗೆ ಪ್ರದರ್ಶನದಲ್ಲಿ ಫೋನ್ ಮಾತಾಡೋದು ಬೇಡ ಅಂತ ಹೇಳ್ತಿದ್ದೆ. ಫೋನ್ ಯಾಕೆ ಇಷ್ಟ ಗೊತ್ತಾ ಮಿಸ್? ಅದು ನಾನು ಮುಗಿಸೋವರೆಗೂ ಕಾಯುತ್ತೆ. ನೀವು ಕಾಯಲ್ಲ."

ಕಪಾಳಕ್ಕೆ ಹೊಡೆದ ಹಾಗಾಯಿತು. ನನಗೂ ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ಇಷ್ಟೆಲ್ಲ ಮಾಡಿದವಳಿಗೆ ಇದಾ ಎನಿಸಿತು. ತಿರುಗಿ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಫೋನು ಪಕ್ಕಕ್ಕಿಟ್ಟು, ನಿಂತು ನಿಂತು, ಬಾಯಲ್ಲೇ ಹೇಳಿದಳು. ಮುಗಿಸಲು ಎಷ್ಟು ಹೊತ್ತು ಹಿಡಿಯಿತೋ. ಹೇಳಿದ್ದು ಇಷ್ಟು: "ಪ್ರದರ್ಶನದಲ್ಲಿ ನಾನೇ ಮಾತಾಡ್ತೀನಿ. ನೀವು ಮಧ್ಯ ಬಾಯಿ ಹಾಕ್ಬಾರ್ದು. ಅಷ್ಟೊತ್ತೂ ಕೈಯಲ್ಲಿ ಹುಳ ಇಟ್ಕೊಂಡಿರ್ಬೇಕು."

"ಹುಳ ಯಾಕೆ?"

"ನಿಮಗೆ ಹುಳ ಅಂದ್ರೆ ಭಯ ಅಂತ ಕ್ಲಾಸಿಗೆಲ್ಲ ಗೊತ್ತು ಮಿಸ್. ಚಾಕ್‌ಪೀಸಲ್ಲಿ ಅದನ್ನ ದೂರ ತಳ್ತೀರಲ್ಲ. ನಂಗೂ ಭಯ, ನಿಮಗೂ ಭಯ. ಸರಿಹೋಯ್ತು."

ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಒಪ್ಪದೆ ಏನು ಮಾಡಲಿ?

ಜ್ವರ ಎದ್ದ ಹುಳ ವಾರವೆಲ್ಲ ಮಳೆ ಸುರಿದ ಹಾಗೆ ಸದ್ದು ಮಾಡುತ್ತ ತಿಂದವಂತೆ. ಪ್ರದರ್ಶನದ ಹೊತ್ತಿಗೆ ಅಜ್ಜಿಯ ಲೆಕ್ಕದಂತೆಯೇ ಹಣ್ಣಾದವು. ಎರಡು ದಿನ ಮೊದಲೇ ಹಣ್ಣಾದ ಕೆಲವನ್ನು ಆರಿಸಿ, ಮಗುಚಿದ ಚೊಂಬಿನ ಮೇಲೆ ಪರೀಕ್ಷೆಯ ಪ್ಯಾಡ್ ಇಟ್ಟು ಅದರ ಮೇಲೆ ಬಿಟ್ಟೆವು. ಅಂಚಿನವರೆಗೆ ಹೋಗಿ ಕೆಳಗೆ ನೋಡಿ ವಾಪಸ್ ತಿರುಗಿದವು. ಅಲ್ಲಿ ಇಲ್ಲಿ ತಲೆ ಆಡಿಸಿದವು. ಕೊನೆಗೆ ಬೇರೆ ದಾರಿಯಿಲ್ಲದೆ ಪ್ಯಾಡಿನ ಮೇಲೆಲ್ಲ ನೂಲು ಹಾಸುತ್ತ ಹೋದವು. ಮೂರನೇ ಮನೆಯಲ್ಲಿ ಮಕ್ಕಳು ದೊಡ್ಡದಾಗಿ ಬರೆದರು: ಹಾಳೆ! ಫೋನಿಗೂ ಒಂದು ಚಪ್ಪಾಳೆ ಬಿತ್ತು.

ಪ್ರದರ್ಶನ ಶಿಡ್ಲಘಟ್ಟದ ಒಂದು ಶಾಲೆಯ ಹಾಲಿನಲ್ಲಿ. ಜ್ವಾಲಾಮುಖಿ, ಗಾಳಿಯಂತ್ರ, ಸಂತೆಯ ಗಲಾಟೆ. ನಮ್ಮ ಮೇಜಿನ ಮೇಲೆ ಹಳದಿ ರೇಷ್ಮೆಯ ಹಾಳೆ, ಪಕ್ಕದಲ್ಲಿ ಇನ್ನೂ ನೂಲು ಬಿಡದ ನಾಲ್ಕು ಹಣ್ಣುಹುಳ. ತೀರ್ಪುಗಾರರು ಬರುವುದು ಕಂಡ ಕೂಡಲೇ ಹುಡುಗಿ ಒಂದನ್ನೆತ್ತಿ ನನ್ನ ಕಡೆ ಹಿಡಿದಳು. ದೇವರೇ ಎಂದುಕೊಂಡು ಕೈ ಚಾಚಿದೆ. ತಣ್ಣಗೆ, ಮೆತ್ತಗೆ, ಪುಟ್ಟ ಪುಟ್ಟ ಕಾಲು ಅಂಗೈ ಹಿಡಿದುಕೊಂಡವು. ಕೂದಲು ನಿಮಿರಿತು. ಕೈ ಕೊಡವಿಬಿಡಬೇಕೆನಿಸಿತು. ಕೊಡವಲಿಲ್ಲ.

ಅವಳು ವಿವರಿಸಿದಳು. ಎರಡು ಕಡೆ ನಿಂತಳು, ಎರಡು ಕಡೆಯೂ ದಾಟಿದಳು. ನಾನು ತುಟಿ ಕಚ್ಚಿಕೊಂಡಿದ್ದೆ.

"ಸರಿನಮ್ಮ, ಹಾಗಾದ್ರೆ ಗೂಡು ಕಟ್ಟಕ್ಕೆ ಹುಳಕ್ಕೆ ಏನು ಇರ್ಲೇಬೇಕು?" ಎಂದು ಕೇಳಿದರು ತೀರ್ಪುಗಾರರು.

"ಚ..." ಎಂದಳು. ನಿಂತಳು. "ಚ... ಚ..."

ಚಂದ್ರಿಕೆ! ನನ್ನ ನಾಲಿಗೆಯ ತುದಿಗೆ ಬಂದು ಕೂತಿತ್ತು. ಇಡೀ ಶಿಡ್ಲಘಟ್ಟಕ್ಕೆ ಗೊತ್ತಿರುವ ಉತ್ತರ. ಹಿಂದಿನ ಮೇಜಿನಲ್ಲಿ ಯಾರೋ ನಕ್ಕರು. ಅವಳ ಕತ್ತಿನ ನರ ಉಬ್ಬಿತು, ಆದರೆ ಕಣ್ಣು ಈ ಸಲ ನೆಲಕ್ಕಿಳಿಯಲಿಲ್ಲ, ನನ್ನ ಬಾಯಿಯನ್ನೇ ಕಾಯುತ್ತಿತ್ತು. ತೀರ್ಪುಗಾರರು ಗಡಿಯಾರ ನೋಡಿದರು.

"ಮೇಡಂ, ನೀವೇ ಹೇಳ್ಬಿಡಿ, ಇನ್ನೂ ತುಂಬ ನೋಡ್ಬೇಕು."

ನಾನು ಹುಳವಿದ್ದ ಅಂಗೈಯನ್ನು ಅವರ ಮೂಗಿನ ಹತ್ತಿರಕ್ಕೆ ಹಿಡಿದೆ. "ನಾನು ಹುಳ ಹಿಡ್ಕೊಳ್ಳೋ ಕೆಲಸಕ್ಕೆ ಬಂದಿರೋಳು ಸಾರ್. ಉತ್ತರ ಅವಳ ಹತ್ರ ಇದೆ. ಕಾಯೋಣ."

ಅವರು ಒಂದು ಹೆಜ್ಜೆ ಹಿಂದೆ ಸರಿದರು. ಅವರಿಗೂ ಹುಳ ಕಂಡರೆ ಆಗುತ್ತಿರಲಿಲ್ಲವೆಂದು ಕಾಣುತ್ತದೆ. ಕಾದರು. ನಾನೂ ಕಾದೆ. ಅಷ್ಟು ಉದ್ದದ ಅರ್ಧ ನಿಮಿಷವನ್ನು ನಾನು ಎಂದೂ ಕಂಡಿಲ್ಲ.

"ಚ... ಚಿಕ್ಕ ಮೂಲೆ ಸಾರ್" ಎಂದಳು. "ಚಂದ್ರಿಕೆನೇ ಬೇಕಂತಿಲ್ಲ. ಒಂದು ಚಿಕ್ಕ ಮೂಲೆ ಇದ್ರೆ ಸಾಕು. ಆತ್ಕೊಳ್ಳಕ್ಕೆ."

ತೀರ್ಪುಗಾರರು ಪೆನ್ನು ನಿಲ್ಲಿಸಿ ಅವಳ ಮುಖ ನೋಡಿದರು. ಭೇಷ್ ಎಂದು ಏನೋ ಬರೆದುಕೊಂಡು ಮುಂದೆ ಹೋದರು. ನಾನು ಮಾತ್ರ ಅಲ್ಲೇ ಬೆವೆತು ನಿಂತಿದ್ದೆ. ನಾನು ಬಾಯಿ ಹಾಕಿದ್ದರೆ ಉತ್ತರ ತಪ್ಪಾಗುತ್ತಿತ್ತು. ವರ್ಷವಿಡೀ ಅವಳ ಮಾತು ಮುಗಿಸಿ "ಗುಡ್, ಕೂತ್ಕೋ" ಎಂದೆನಲ್ಲ, ಅವಳು ಹೇಳಲಿದ್ದದ್ದು ಏನೇನೋ, ಎಷ್ಟೋ. ಅದರ ಬೆನ್ನಿಗೇ ಎಲ್ಲರೆದುರು ಅವಳನ್ನು ಎತ್ತಿ ಮುದ್ದಾಡುವಷ್ಟು ಖುಷಿಯೂ ಆಯಿತು. ಅವಳ ಬೆನ್ನು ತಟ್ಟಲು ಕೈ ಎತ್ತಿದೆ.

"ಮಿಸ್, ಅ... ಅ..." ಎಂದಳು ಹುಡುಗಿ, ಹುಳವಿದ್ದ ನನ್ನ ಕೈಯನ್ನೇ ನೋಡುತ್ತ. ನಾನು ಏನೂ ಹೇಳದೆ ಕಾದೆ.

"ಅಲುಗಾಡ್ಬೇಡಿ. ನೂಲು ಬಿಡ್ತಿದೆ."

ನೋಡಿದೆ. ಹುಳ ನನ್ನ ಹೆಬ್ಬೆರಳಿನ ಸಂದಿಯಲ್ಲಿ ಆತುಕೊಂಡು, ಬೆರಳಿಂದ ಬೆರಳಿಗೆ ಹಳದಿ ಎಳೆ ಎಳೆಯುತ್ತಿತ್ತು. ಮುಂದಿನ ಶಾಲೆಯ ಮಕ್ಕಳು ಮೇಜಿನ ಸುತ್ತ ಸೇರಿದರು. ಅವಳು ಅವರಿಗೆ ಮೊದಲಿಂದ ಹೇಳತೊಡಗಿದಳು, ನಿಂತು ನಿಂತು, ತನ್ನದೇ ಹೊತ್ತು ತೆಗೆದುಕೊಂಡು. ನಾನು ಬಾಯಿ ಮುಚ್ಚಿಕೊಂಡು, ಕೈ ಚಾಚಿಕೊಂಡು, ಅಲುಗಾಡದೆ ನಿಂತೆ.