ಗಾಡಿ ನಿಲ್ಲಿಸುವವರೆಗೆ

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಇವರು ಆ ಸಣ್ಣ ಡೀಸೆಲ್ ಕಾರು ತಂದು, ಡೀಸೆಲ್ ವಾಸನೆ ತೋರಿಸಿದರೂ ಸಾಕು ಓಡುತ್ತೆ ಅಂತ ಕಾಶಿಗೆಲ್ಲ ಹೇಳಿಕೊಂಡು ತಿರುಗಿದರು. ಕರ್ನಾಟಕದಿಂದ ಬರುವ ಯಾತ್ರಿಕರನ್ನು ಸ್ಟೇಷನ್ನಿನಿಂದ ಕರೆತರಲು ಕೊಂಡ ಹಳೇ ಗಾಡಿ. ಹಿಂದಿನ ಬಾಗಿಲು ಮೇಲಕ್ಕೆತ್ತಿದರೆ ಒಂದು ಸಂಸಾರದ ಗಂಟುಮೂಟೆ ಹಿಡಿಸುತ್ತಿತ್ತು. ನಮ್ಮ ಗಲ್ಲಿಯೊಳಗೆ ಸೈಕಲ್ಲೇ ಕಷ್ಟ, ಹಾಗಾಗಿ ಅದು ಸೋನಾರ್‌ಪುರದ ರಸ್ತೆಯಲ್ಲೇ ಬಿದ್ದಿರುತ್ತಿತ್ತು. ನನಗೆ ಮಾತ್ರ ಅದನ್ನು ಕಂಡರೆ ಮೊದಲಿನಿಂದಲೂ ದಿಗಿಲು. ಶುರುವಾಯಿತೆಂದರೆ ಕೂತವರ ಹಲ್ಲು ಕೂಡ ಗಡಗಡ ಅಲುಗಾಡಬೇಕು. ಚಳಿಗಾಲದಲ್ಲಂತೂ ಒಮ್ಮೆ ಆರಿದರೆ ನಾಲ್ಕು ಜನ ನೂಕಬೇಕು. ಬ್ಯಾಟರಿ ಬದಲಾಯಿಸಿ ಅಂದರೆ, ಇನ್ನೂ ನಡೀತದೆ ಬಿಡೇ ಅನ್ನುವರು.

ಮಾವನವರಿಗೆ ಅದರ ಮೇಲೆ ಪ್ರಾಣ. ಕೇದಾರ ಘಾಟಿನ ಹತ್ತಿರ ಯಾತ್ರಿಕರ ಪೌರೋಹಿತ್ಯ ಮಾಡಿಕೊಂಡು ಬಾಳಿದವರು, ಕಾಶಿಯಲ್ಲೇ ಸಾಯಬೇಕೆಂದು ಮುಪ್ಪಿನಲ್ಲಿ ಗಂಗೆ ದಾಟುವುದನ್ನೇ ಬಿಟ್ಟಿದ್ದರು. ಆಚೆ ದಡದ ರಾಮನಗರದಲ್ಲಿ ಸತ್ತವರು ಕತ್ತೆಯಾಗಿ ಹುಟ್ಟುತ್ತಾರೆ ಅಂತ ಇಲ್ಲಿ ಮಕ್ಕಳೂ ಹೇಳುತ್ತವೆ. ನಾವು ನಗುತ್ತಿದ್ದೆವು, ಅವರು ನಗುತ್ತಿರಲಿಲ್ಲ. ಅಂಥವರು ಒಂದು ಮಾಘದ ಬೆಳಿಗ್ಗೆ, ಗಂಗೆ ಸೇತುವೆಯಿದೆಯಲ್ಲ, ಆ ಪುಲ್ ಮೇಲೆ ಇದು ಹೇಗೆ ಓಡುತ್ತೆ ನೋಡೇಬಿಡೋಣ, ಹೋಗಿ ಬರೋದು ಎಷ್ಟೊತ್ತು ಅಂತ ಶಾಲು ಹೊದ್ದು ಹಿಂದಿನ ಸೀಟಿನಲ್ಲಿ ಕೂತೇಬಿಟ್ಟರು. ಪಕ್ಕದಲ್ಲಿ ನಾನು. ಅತ್ತೆ ಬೇಡ ಬೇಡವೆಂದರು. ಕಾರಿನ ಹುಚ್ಚು ಕೇಳಬೇಕಲ್ಲ.

ರಾಮನಗರದ ಕೋಟೆಯ ಮುಂದೆ ಗಾಡಿ ತಿರುಗಿಸುವಾಗ ಮಾವನವರು ಎದೆ ಹಿಡಿದುಕೊಂಡರು. ಆ ಚಳಿಯಲ್ಲೂ ಮುಖವೆಲ್ಲ ಬೆವರು. ಎದುರಿಗೇ ಒಬ್ಬ ಡಾಕ್ಟರ ಬೋರ್ಡಿತ್ತು. ಇವರು ಅತ್ತ ಹೋಗುವಷ್ಟರಲ್ಲಿ ಮಾವನವರು ನನ್ನ ಕೈ ಗಟ್ಟಿಯಾಗಿ ಹಿಡಿದರು.

"ಇಲ್ಲಿ ಬೇಡಮ್ಮ. ಆ ಕಡೆ ಕರ್ಕೊಂಡು ಹೋಗು."

ಪುಲ್ ಮೇಲೆ ಲಾರಿಗಳ ಜಾಮ್. ಮಂಜು ಬೇರೆ, ನದಿ ಎಲ್ಲಿ, ಕಾಶಿ ಎಲ್ಲಿ, ಒಂದೂ ಕಾಣದು. ತೆವಳಿದೆವು, ನಿಂತೆವು. ಅವರ ಹಿಡಿತ ಸಡಿಲವಾಯಿತು. ಕರೆದೆ, ಮಾತಿಲ್ಲ. ಎದೆಯ ಮೇಲೆ ಕೈಯಿಟ್ಟರೆ ಎದೆ ಅಲುಗುತ್ತಿತ್ತು. ಆದರೆ ಸೀಟೂ ಅಲುಗುತ್ತಿತ್ತು, ನನ್ನ ಕೈಯೂ ಅಲುಗುತ್ತಿತ್ತು. ಮೂಗಿನ ಹತ್ತಿರ ಹಿಡಿದ ಬೆರಳು ಚಳಿಗೆ ಮರಗಟ್ಟಿತ್ತು. ಉಸಿರೋ ಇಂಜಿನ್ನೋ, ದೇವರಾಣೆ ತಿಳಿಯಲಿಲ್ಲ. ಅಷ್ಟು ಹೆದರಿಕೆ ನನಗೆ ಹೆರಿಗೆಯಲ್ಲೂ ಆಗಿರಲಿಲ್ಲ.

ಇವರು ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದರು. ಗಾಡಿ ಆರಿಸಿದರೆ ಆ ಕ್ಷಣವೇ ಗೊತ್ತಾಗುತ್ತಿತ್ತು. ಆದರೆ ಆರಿಸಿದರೆ ಮತ್ತೆ ಶುರುವಾಗುವ ನಂಬಿಕೆಯಿಲ್ಲ. ಉಸಿರಿದ್ದರೂ ಅಲ್ಲೇ, ನಡುನೀರಿನ ಮೇಲೇ ಕೂತಿರಬೇಕು. ಬೇಸಿಗೆಯಲ್ಲಿ ಡೀಸೆಲ್ ಉಳಿಸಲು ಪ್ರತಿ ರೈಲ್ವೆ ಗೇಟಿನಲ್ಲೂ ಗಾಡಿ ಆರಿಸುತ್ತಿದ್ದ ಮನುಷ್ಯನ ಕೈ, ಇಂಜಿನ್ ನಿಲ್ಲಿಸಲು ಎಳೆಯುವ ಗುಂಡಿಯ ಹತ್ತಿರ ಹೋಗಿ ನಿಂತಿತ್ತು.

"ನಿಲ್ಲಿಸಲೇನೇ?" ಅಂದರು.

"ಬೇಡ. ನಡೀರಿ," ಅಂದೆ.

ಎದೆಯ ಮೇಲಿನ ಕೈ ತೆಗೆಯದೆ ಕೂತೆ. ಕೊನೆಗೂ ಲಾರಿಗಳು ಸರಿದವು. ಪುಲ್ ಇಳಿದು, ರಾಜಘಾಟ್ ದಾಟಿ, ಮೊದಲು ಸಿಕ್ಕ ಡಾಕ್ಟರ ಬಾಗಿಲಲ್ಲಿ ಇವರು ಗುಂಡಿ ಎಳೆದರು. ಇಂಜಿನ್ ಒಮ್ಮೆ ಒದರಿ ಸುಮ್ಮನಾಯಿತು. ನನ್ನ ಕೈಕೆಳಗೆ ಮಾವನವರ ಎದೆಯೂ ಸುಮ್ಮನಾಯಿತು. ಡಾಕ್ಟರು ಬಂದು ನೋಡಿ ತಲೆಯಾಡಿಸಿದರು.

ಮನೆಯಲ್ಲಿ ಅತ್ತೆ ಅಳುವುದಕ್ಕೂ ಮುಂಚೆ ಮಗನನ್ನು ಕೇಳಿದ್ದು ಒಂದೇ ಮಾತು. "ಪುಲ್ ದಾಟಿತ್ತೇನೋ?"

"ದಾಟಿತ್ತಮ್ಮ. ಈ ಕಡೆ ಗಾಡಿ ನಿಲ್ಲಿಸೋವರೆಗೂ ಎದೆ ಆಡ್ತಿತ್ತು. ಇವಳ ಕೈ ಅಲ್ಲೇ ಇತ್ತು, ಬೇಕಾದರೆ ಕೇಳು."

ಅತ್ತೆ ನನ್ನ ಕಡೆ ತಿರುಗಿ ಆ ಕೈಯನ್ನು ಹಿಡಿದುಕೊಂಡರು.

"ಹೌದತ್ತೆ, ಆಡ್ತಿತ್ತು," ಅಂದೆ.

ಅದರಲ್ಲಿ ಒಂದಕ್ಷರ ಸುಳ್ಳಿಲ್ಲ. ಆದರೂ ಘಾಟಿನ ಮೆಟ್ಟಿಲ ಹತ್ತಿರ ಅಗಸರ ಕತ್ತೆಗಳು ಎದುರಾದರೆ ನಾನು ಈಗಲೂ ಅವುಗಳ ಮುಖ ನೋಡುವುದಿಲ್ಲ.