ನಾನು ಕೇಳದ ಪ್ರಶ್ನೆಗಳಿಗೆ ಬಂದ ಉತ್ತರ

ಜನರ ಮನೆಬಾಗಿಲಿಗೆ ಹೋಗಿ ಪ್ರಶ್ನೆ ಕೇಳಿ, ಉತ್ತರ ಬರೆದುಕೊಂಡು ಬರುವುದು ನನ್ನ ಹೊಟ್ಟೆಪಾಡು. ಹನ್ನೆರಡು ವರ್ಷವಾಯಿತು. ಎದುರಿಗಿದ್ದವರು ನಿಜ ಹೇಳುತ್ತಿದ್ದಾರೋ, ನಮ್ಮನ್ನು ಬೇಗ ಸಾಗಹಾಕಲು ಬಾಯಿಗೆ ಬಂದದ್ದು ಹೇಳುತ್ತಿದ್ದಾರೋ, ಎರಡನೇ ಪ್ರಶ್ನೆಗೇ ತಿಳಿದುಬಿಡುತ್ತದೆ. ನನ್ನ ಮಾತನ್ನೂ ನೀವು ಹಾಗೇ ತೂಗಿ ನೋಡಿ. ಇದರಲ್ಲಿ ಒಂದು ಸುಳ್ಳಿದೆ. ಅದನ್ನು ಹೇಳಿದವಳು ನಾನೇ. ಉಳಿದದ್ದೆಲ್ಲ ನಡೆದದ್ದು...

ಆ ವರ್ಷ ನಮ್ಮ ಸಂಸ್ಥೆ ಶಾಲೆ ಬಿಟ್ಟ ಹುಡುಗಿಯರ ಬಗ್ಗೆ ಅಧ್ಯಯನ ನಡೆಸುತ್ತಿತ್ತು. ಯಾಕೆ ಬಿಟ್ಟರು, ಈಗ ಏನು ಕೆಲಸ ಮಾಡುತ್ತಾರೆ, ಸರ್ಕಾರದ ಯೋಜನೆಗಳ ಸುದ್ದಿ ಅವರಿಗೆ ಯಾರಿಂದ ತಲುಪುತ್ತದೆ ಎಂದು ಕೇಳಬೇಕಿತ್ತು. ಭಾಲ್ಕಿ ತಾಲ್ಲೂಕಿಗೆ ಒಂದು ತಂಡ, ಔರಾದ ತಾಲ್ಲೂಕಿಗೆ ಇನ್ನೊಂದು. ಔರಾದ ತಂಡದಲ್ಲಿ ನಾನು ಮತ್ತು ನಸ್ರೀನ್ ಇಬ್ಬರೇ. ನಸ್ರೀನ್ ಬೀದರಿನ ಹುಡುಗಿ, ನನಗಿಂತ ಹತ್ತು ವರ್ಷ ಚಿಕ್ಕವಳು. ಎಂಥ ಬಿರುಸಿನ ಮುದುಕಿಯನ್ನೂ ಎರಡು ಮಾತಿಗೆ ನಗಿಸಿಬಿಡುತ್ತಿದ್ದಳು.

ಠಾಣಾ ಕುಶನೂರದಿಂದ ಒಳಗೆ ಒಂದು ಊರು. ಹೆಸರು ಬೇಡ. ನನ್ನ ಪಟ್ಟಿಯಲ್ಲಿ ಕೊನೆಗೆ ಒಂದೇ ಹೆಸರು ಉಳಿದಿತ್ತು. ರೇಣುಕಾ, ಹದಿನೈದು ವರ್ಷ.

ಹೋದರೆ ಮನೆಗೆ ಬೀಗ.

ಬೀಗ ಇದ್ದರೆ ಬೇರೆ ಬೇರೆ ದಿನ ಮೂರು ಸಲ ಹೋಗಿ ನೋಡಬೇಕು ಎಂಬುದು ನಿಯಮ. ನಮ್ಮ ಮೇಲ್ವಿಚಾರಕ ಬಿರಾದಾರ ಸರ್‌ಗೆ ಫೋನ್ ಮಾಡಿದೆ.

"ಮತ್ತ ಮತ್ತ ಯಾರ್ ಹೋಗ್ತಾರ ಸುರೇಖಾ? ಭಾಲ್ಕಿಯವರದು ಮುಗದದ. ನಿಮ್ದೊಂದೇ ಉಳದದ. ತಿಳಕೊಂಡು ಹಾಕಿಬಿಡ್ರಿ," ಎಂದರು.

"ಏನ್ ತಿಳಕೊಳ್ಳಲಿ ಸರ್? ಮನಿ ಕೀಲಿ ಅದ."

"ಆ ಊರಾಗ ಹತ್ತು ಹುಡುಗ್ಯಾರಿಗಿ ಕೇಳೀರಿ. ಹನ್ನೊಂದನೇದಾಕಿ ಏನ್ ಬ್ಯಾರೆ ಹೇಳ್ತಾಳ?"

ಇಂಥ ಮಾತಿಗೆ ಎದುರಾಡಬೇಕಿತ್ತು. ನಾನು ಆಡಲಿಲ್ಲ. ಬಸ್ಸಿಗೆ ಅರ್ಧ ಗಂಟೆ ಇತ್ತು, ಕಾಲು ನೋಯುತ್ತಿತ್ತು. ಆ ಮನೆಯ ಮುಂದಿನ ಕಲ್ಲಿನ ಮೇಲೆ ಕೂತು, ಟ್ಯಾಬ್ ತೊಡೆಯ ಮೇಲಿಟ್ಟುಕೊಂಡು ರೇಣುಕಾಳ ಉತ್ತರಗಳನ್ನು ನಾನೇ ತುಂಬಿದೆ. ಶಾಲೆ ಯಾಕೆ ಬಿಟ್ಟೆ? ದೂರ ಆಗುತ್ತದೆ. ಈಗ ಏನು ಮಾಡುತ್ತೀ? ಹೊಲಿಗೆ. ಮತ್ತೆ ಓದುವ ಆಸೆ ಇದೆಯಾ? ಇದೆ. ಕೊನೆಯಲ್ಲಿ, ಇನ್ನೇನಾದರೂ ಹೇಳುವುದಿದೆಯಾ ಎಂಬ ಪ್ರಶ್ನೆ. ಏನೂ ಇಲ್ಲ ಎಂದು ಬರೆದೆ.

ತುಟಿ ಪಿಟಕ್ಕೆನ್ನದೆ ಬರೆದೆ. ಇದು ನನಗೆ ಚೆನ್ನಾಗಿ ನೆನಪಿದೆ. ಬಗಲಲ್ಲಿ ಯಂತ್ರ ಹಚ್ಚಿ ಸೋಯಾ ರಾಶಿ ನಡೆದಿತ್ತು. ಹೊಟ್ಟಿನ ಧೂಳು ಮೂಗಿಗೆ ಅಡರಿ, ಬಾಯಿಗೆ ಸೆರಗು ಹಿಡಿದುಕೊಂಡೇ ಕೂತಿದ್ದೆ. ಒಮ್ಮೆ ಮಾತ್ರ ಮನೆಯೊಳಗೆ ಪಾತ್ರೆ ಸರಿದಂತೆ ಸದ್ದಾಯಿತು. ಇಲಿ ಇರಬೇಕು ಅಂದುಕೊಂಡೆ.

ಎಂಟು ದಿನದ ಮೇಲೆ, ಸಂಜೆ ಬಿರಾದಾರ ಸರ್ ಫೋನ್ ಮಾಡಿದರು. "ಟ್ಯಾಬಿನ್ಯಾಗ ಆಡಿಯೋ ಅವ. ಎರಡ ದಿನದಾಗ ಹೆಡ್ ಆಫೀಸಿನವರು ಕೇಳ್ತಾರ. ನೀವಿಬ್ರೂ ಇವತ್ತೇ ಕುಂತು ಕೇಳಿ, ಯಾವ್ದರೆ ಕೆಟ್ಟಿದ್ರ ಗುರ್ತು ಹಾಕ್ರಿ."

ಆಡಿಯೋ? ನಾವು ಫಾರಮ್ ತುಂಬುವಾಗ ಟ್ಯಾಬ್ ತನ್ನಷ್ಟಕ್ಕೆ ದನಿ ಹಿಡಿದಿಟ್ಟುಕೊಳ್ಳುತ್ತಿತ್ತಂತೆ. ನಮಗೂ ಹೇಳಿರಲಿಲ್ಲ, ಉತ್ತರ ಕೊಟ್ಟ ಹುಡುಗಿಯರಿಗೂ ಹೇಳಿರಲಿಲ್ಲ.

ರೇಣುಕಾಳ ಹೆಸರಿನ ಆಡಿಯೋದಲ್ಲಿ ಏನಿರುತ್ತದೆ? ರಾಶಿ ಯಂತ್ರದ ಗದ್ದಲ, ನನ್ನ ಕೆಮ್ಮು. ಕೇಳಿದವರಿಗೆ ಆ ಕ್ಷಣವೇ ಗೊತ್ತಾಗುತ್ತದೆ. ನನ್ನ ಕೆಲಸ ಹೋಗುತ್ತದೆ.

ನಮ್ಮ ಆಫೀಸು ಬೀದರಿನ ಹಳೆ ಊರಿನೊಳಗೆ, ಒಂದು ಹಳೆ ಮನೆಯ ಮಾಳಿಗೆಯ ಮೇಲಿತ್ತು. ದಪ್ಪ ಗೋಡೆ, ಸುಣ್ಣದ ವಾಸನೆ. ಎಂಟು ಗಂಟೆಯ ಹೊತ್ತಿಗೆ ಕರೆಂಟ್ ಹೋಯಿತು. ಇನ್ವರ್ಟರಿನ ಮೇಲೆ ಒಂದೇ ದೀಪ. ನಸ್ರೀನ್ ಒಂದೊಂದೇ ಆಡಿಯೋ ಹಚ್ಚುತ್ತಿದ್ದಳು, ನಾನು ಗುರುತು ಹಾಕುತ್ತಿದ್ದೆ.

ರೇಣುಕಾಳ ಹೆಸರು ಬಂತು. ನಾನು ನಸ್ರೀನ್‌ಳ ಕೈ ಹಿಡಿದೆ.

"ನಸ್ರೀನ್, ಆ ಮನಿ ಕೀಲಿ ಇತ್ತು. ಇದು ನಾನೇ ಬರದೀನಿ."

ಅವಳು ನನ್ನ ಮುಖ ನೋಡಿದಳು. ಬೈಯಲಿಲ್ಲ. "ಎಲ್ಲಾರೂ ಒಂದೊಂದು ಬರದೀವಿ, ಬಿಡ್ರಿ ಅಕ್ಕಾ. ಕೇಳೂನು. ಖಾಲಿ ಇದ್ರ ಮಶೀನ್ ಖರಾಬ್ ಅದ ಅಂತ ಹಾಕೂನು."

ಹಚ್ಚಿದಳು.

ಮೊದಲು ರಾಶಿ ಯಂತ್ರದ ಸದ್ದು. ನನ್ನ ಕೆಮ್ಮು. ಗಾಜಿನ ಮೇಲೆ ಬೆರಳು ತಟ್ಟುವ ಟಕ್, ಟಕ್... ನನಗೆ ಸಮಾಧಾನವಾಗತೊಡಗಿತು.

ಆಗ ಒಂದು ಹುಡುಗಿಯ ದನಿ ಬಂತು. ತೀರ ಹತ್ತಿರದಿಂದ.

"ದೂಲ ಆಗ್ತದ."

ನಸ್ರೀನ್ ಟ್ಯಾಬಿನಿಂದ ಕೈ ಹಿಂದಕ್ಕೆಳೆದುಕೊಂಡಳು. ಮತ್ತೆ ಟಕ್. ಒಂದು ಪ್ರಶ್ನೆ ಕೇಳುವಷ್ಟು ಹೊತ್ತು ಮೌನ. ಪ್ರಶ್ನೆ ಮಾತ್ರ ಇಲ್ಲ, ನನ್ನ ದನಿ ಎಲ್ಲಿಯೂ ಇಲ್ಲ.

"ಹೊಲಿಗಿ."

ಟಕ್...

"ಅದ. ಓದಬೇಕಂತ ಅದ."

ನಾನು ತೆರೆಯ ಮೇಲೆ ನನ್ನದೇ ಬರಹ ನೋಡುತ್ತಿದ್ದೆ. ಸಾಲು ಸಾಲಾಗಿ ಅದೇ ಉತ್ತರ.

"ಯಾರ್ ಅಕ್ಕಾ ಇದು?" ನಸ್ರೀನ್ ಪಿಸುಗುಟ್ಟಿದಳು.

"ಗೊತ್ತಿಲ್ಲ."

"ಕೀಲಿ ಇತ್ತಂದ್ರಿ."

"ಇತ್ತು."

"ಬಗಲಾಗ ಯಾರರೆ ಕುಂತಿದ್ರೇನ್ ನೋಡ್ರಿ, ನೆನಪ ಮಾಡ್ಕೋರಿ."

ಯಾರೂ ಇರಲಿಲ್ಲ. ನಾನು ಬಾಯಿ ತೆರೆದಿರಲಿಲ್ಲ. ಹೀಗಿರುವಾಗ ಏನು ಕೇಳಿಸಿಕೊಂಡು ಯಾರು ಉತ್ತರ ಕೊಟ್ಟರು? ಅಷ್ಟರಲ್ಲಿ ಕೋಣೆಯ ತುಂಬ ಸೋಯಾ ಹೊಟ್ಟಿನ ವಾಸನೆ... ಊರ ನಡುವೆ, ಕಿಟಕಿ ಮುಚ್ಚಿದ ಮಾಳಿಗೆಯ ಕೋಣೆಯಲ್ಲಿ. ನಸ್ರೀನ್ ದುಪಟ್ಟಾದಿಂದ ಮೂಗು ಮುಚ್ಚಿಕೊಂಡಳು. ಅವಳಿಗೂ ಬಂದಿತ್ತು.

ಕೊನೆಯ ಪ್ರಶ್ನೆಯ ಜಾಗ ಬಂತು. ಏನೂ ಇಲ್ಲ ಎಂದು ನಾನು ಬರೆದಿದ್ದ ಜಾಗ. ಈ ಸಲ ಮೌನ ಉದ್ದವಾಗಿತ್ತು. ಯಂತ್ರದ ಸದ್ದೂ ನಿಂತಿತ್ತು.

"ಹೊಲಗ್ಯಾಕ ಕುಂತಿ ಅಕ್ಕಾ... ಒಳಗ ಬಾ."

ಆಡಿಯೋ ಮುಗಿಯಿತು. ನಸ್ರೀನ್ ಬಾಯೊಳಗೇ ಏನೋ ಪಠಿಸುತ್ತಿದ್ದಳು. ನಾವಿಬ್ಬರೂ ಟ್ಯಾಬನ್ನು ಮುಟ್ಟಲಿಲ್ಲ. ಪಠಣ ಮುಗಿಸಿ ಅವಳೇ ಹೇಳಿದಳು. "ನಾಳಿ ಹೋಗಿ ನೋಡ್ರಿ ಅಕ್ಕಾ. ಕೀಲಿ ಹಾಕಿದ ಮನ್ಯಾಗ ಜನಾ ಇರಂಗಿಲ್ಲಂತ ಯಾರ್ ಹೇಳ್ಯಾರ?"

ಆ ರಾತ್ರಿ ದೀಪ ಆರಿಸದೆ ಮಲಗಿದೆ.

ಮರುದಿನ ಟ್ಯಾಬ್ ಚೀಲದಲ್ಲಿ ಹಾಕಿಕೊಂಡೇ ಹೊರಟೆ. ಬಿರಾದಾರ ಸರ್‌ಗೆ ರಜೆ ಬೇಕೆಂದು ಹೇಳಿದೆ. ಬಸ್ಸು ಕೆಟ್ಟು, ಊರು ಮುಟ್ಟುವಾಗ ಹೊತ್ತು ಇಳಿದಿತ್ತು. ಬಾಗಿಲು ತೆರೆದಿತ್ತು. ರೇಣುಕಾಳ ತಾಯಿ ಕಮಲಾಬಾಯಿ ಆಗಷ್ಟೇ ಹೊಲದಿಂದ ಬಂದು ಕೈಕಾಲು ತೊಳೆಯುತ್ತಿದ್ದರು. ಗಂಡ ಬೀದರಿನ ಹತ್ತಿರದ ಕೊಳಾರದಲ್ಲಿ ಗೋದಾಮಿನ ಹಮಾಲಿ, ವಾರಕ್ಕೊಮ್ಮೆ ಬರುತ್ತಾನೆ.

"ರೇಣುಕಾಗ ಸ್ವಲ್ಪ ಕೇಳೂದಿತ್ರಿ," ಎಂದೆ.

"ಆಕಿಗಿ ಏನ್ ಕೇಳ್ತೀರಿ ಮೇಡಂ? ಆಕಿಗಿ ಕಿವಿ ಕೇಳಂಗಿಲ್ಲ, ಮಾತೂ ಬರಂಗಿಲ್ಲ."

ಒಳಗಿನ ಗೋಡೆಗೆ ಒರಗಿ ಒಬ್ಬ ಹುಡುಗಿ ಕೂತಿದ್ದಳು. ತೆಳ್ಳಗೆ, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ. ನನ್ನನ್ನೇ ನೋಡುತ್ತಿದ್ದಳು.

ನಾಲ್ಕು ವರ್ಷದವಳಿದ್ದಾಗ ಜ್ವರ ಬಂದು ಕಿವಿ ಹೋಯಿತಂತೆ. ಆಡುತ್ತಿದ್ದ ಮಾತೂ ಬರಬರುತ್ತ ನಿಂತುಹೋಯಿತು. ಮೂರು ವರ್ಷ ಶಾಲೆಯ ಹಿಂದಿನ ಸಾಲಿನಲ್ಲಿ ಕೂತಳು. ಕಳಿಸಿ ಏನು ಉಪಯೋಗ ಎಂದು ಅಲ್ಲಿಯವರೇ ಕೇಳಿದ ಮೇಲೆ ಮನೆಯಲ್ಲೇ ಉಳಿದಳು. ಶಾಲೆ ಮನೆಯಿಂದ ನೂರು ಹೆಜ್ಜೆ. ನಾನು ದೂರ ಎಂದು ಬರೆದಿದ್ದೆ.

"ನಾ ಹೊಲಕ್ಕ ಹೋಗುವಾಗ ಹೊರಗಿಂದ ಕೀಲಿ ಹಾಕಿ ಹೋಗ್ತೇನಿ," ಎಂದರು ಕಮಲಾಬಾಯಿ. ನಾನು ಕೇಳದೆಯೇ ಹೇಳಿದರು. "ಒಮ್ಮಿ ರಸ್ತಾಕ್ಕ ಹೋಗಿದ್ದಳು. ಹಿಂದ ಟ್ರ್ಯಾಕ್ಟರ್ ಬಂದದ್ದು ಕೇಳಸಲಿಲ್ಲ. ಸ್ವಲ್ಪದಾಗ ಉಳದಳು. ನಂಗ ಬ್ಯಾರೆ ಏನ್ ದಾರಿ ಅದ ಹೇಳ್ರಿ?"

ರೇಣುಕಾ ಎದ್ದು ಬಂದಳು. ನನ್ನ ಕೈ ಹಿಡಿದು ಹೊರಗೆ ಕರೆದುಕೊಂಡು ಹೋಗಿ, ಬಾಗಿಲ ಮುಂದಿನ ಕಲ್ಲನ್ನು ತೋರಿಸಿದಳು. ಆಮೇಲೆ ತನ್ನ ಅಂಗೈ ಮೇಲೆ ಬೆರಳಿನಿಂದ ತಟ್ಟಿದಳು. ಟಕ್, ಟಕ್, ಟಕ್. ಬಾಗಿಲ ಸಂದಿಯಿಂದ ನನ್ನನ್ನು ನೋಡಿದ್ದಳು. ಅಷ್ಟು ಹೊತ್ತೂ ನೋಡಿದ್ದಳು.

ನಾನು ಆಡಿಯೋ ಕೇಳಿಸಬಾರದಿತ್ತು. ಆದರೆ ಇನ್ನೊಬ್ಬರು ಕೇಳಿ ಇದು ಏನೆಂದು ಹೇಳಲಿ ಎಂಬ ಹಂಬಲ. ದೀಪ ಹಚ್ಚುವ ಹೊತ್ತಿಗೆ ಟ್ಯಾಬ್ ತೆಗೆದು, "ಇದರಾಗಿಂದು ಯಾರ ದನಿ ನೋಡ್ರಿ," ಎಂದೆ.

ಕಮಲಾಬಾಯಿ ನಿಂತುಕೊಂಡೇ ಕೇಳಿದರು. ಮೊದಲ ಮಾತಿಗೇ ಕೆಳಗೆ ಕೂತರು. ಕೊನೆಯವರೆಗೆ ಅಲ್ಲಾಡಲಿಲ್ಲ.

"ಮತ್ತೊಮ್ಮಿ ಹಚ್ಚರಿ," ಎಂದರು. ಹಚ್ಚಿದೆ. "ಮತ್ತ." ಮತ್ತೆ ಹಚ್ಚಿದೆ.

"ನಮ್ ರೇಣುಕಾ ಮೇಡಂ ಇದು."

"ಆಕಿಗಿ ಮಾತ ಬರಂಗಿಲ್ಲಂದ್ರಿ."

"ಸಣ್ಣಾಕಿ ಇದ್ದಾಗ ರಕಾರ ತಿರಗ್ತಿದ್ದಿಲ್ಲ ಆಕಿಗಿ. ದೂರಕ್ಕ ದೂಲ ಅಂತಿದ್ದಳು. ಹೊರಗ ಅನ್ನಾಕ ಹೊಲಗ ಅಂತಿದ್ದಳು. ನಾವೆಲ್ಲಾ ನಗತಿದ್ದೆವು." ಸೆರಗಿನಿಂದ ಕಣ್ಣೊರೆಸಿಕೊಂಡರು. "ಈ ದನಿ ದೊಡ್ಡಾಕಿದದ. ಮಾತು ಬಂದಿದ್ರ ಈಗ ಹಿಂಗೇ ಇರ್ತಿತ್ತು ದನಿ."

ರೇಣುಕಾ ಕೇಳಿಸಿಕೊಳ್ಳಲಾರಳು. ತಾಯಿಯ ಮುಖ ನೋಡುತ್ತ, ಯಾಕೆ ಅಳುತ್ತೀ ಎಂಬಂತೆ ಸೆರಗು ಜಗ್ಗುತ್ತಿದ್ದಳು.

ಹೊರಡುವಾಗ ಕಮಲಾಬಾಯಿ ತಮ್ಮ ಫೋನ್ ಮುಂದೆ ಹಿಡಿದರು. "ಇದರಾಗ ಹಾಕಿ ಕೊಡ್ರಿ. ಬ್ಯಾರೆ ಏನ್ ಬ್ಯಾಡ."

ಒಂದು ನಿಮಿಷದ ಕೆಲಸ. ಟ್ಯಾಬಿನಿಂದ ಏನು ತೆಗೆದರೂ ಹೆಡ್ ಆಫೀಸಿಗೆ ಗೊತ್ತಾಗುತ್ತದೆ ಎಂದು ಯಾರೋ ಹೇಳಿದ್ದರು. ಗೊತ್ತಾದರೆ ನಾನೇ ತುಂಬಿದ ಫಾರಮ್ಮಿನ ಸುದ್ದಿ ಏಳುತ್ತದೆ. "ಸರ್‌ಗ ಕೇಳಿ ಕೊಡ್ತೇನಿ ಕಮಲಾಬಾಯಿ," ಎಂದು ಹೇಳಿ ಎದ್ದು ಬಂದೆ.

ಬಿರಾದಾರ ಸರ್‌ಗೆ ಎಲ್ಲವನ್ನೂ ಹೇಳಿದೆ. ಅವರು ಆಡಿಯೋ ಕೇಳಲೂ ಇಲ್ಲ. "ದನಿ ಅದ, ಉತ್ತರ ಅದ. ಫಾರಮ್ ಸರಿ ಅದ. ಮತ್ತೇನ್ ತಕರಾರು?" ಎಂದರು. ತಾಯಿಗೆ ಕೊಡಲು ಕೇಳಿದ್ದಕ್ಕೆ ತಲೆಯಾಡಿಸಿದರು. "ಆ ಹುಡುಗಿ ಖಾಸಗಿ ಮಾಹಿತಿ ಅದು. ಹೊರಗ ಕೊಡಾಕ ಬರಂಗಿಲ್ಲ."

ಹೇಳದೆ ಕೇಳದೆ ದನಿ ಹಿಡಿದಿಟ್ಟವರು ಅವರು.

ಟ್ಯಾಬ್ ವಾಪಸ್ಸು ಕೊಟ್ಟೆ. ಅಧ್ಯಯನ ಮುಗಿಯಿತು, ಆಡಿಯೋಗಳನ್ನೆಲ್ಲ ಅಳಿಸಿದರು. ವರದಿ ಅಚ್ಚಾಯಿತು. ದೂರದ ಕಾರಣಕ್ಕೆ ಶಾಲೆ ಬಿಟ್ಟವರಿಗೆ ಸೈಕಲ್ ಕೊಡಬೇಕು ಎಂಬ ಸಲಹೆ ಅದರಲ್ಲಿದೆ. ಆ ಸಲಹೆಯಲ್ಲಿ ನೂರು ಹೆಜ್ಜೆ ದೂರದ ರೇಣುಕಾಳೂ ಇದ್ದಾಳೆ. ಕಿವುಡ ಮಕ್ಕಳ ಶಾಲೆಯೊಂದರಲ್ಲಿ ನಾನು ವಿಚಾರಿಸಿದೆ. ವಯಸ್ಸು ಮೀರಿದೆ ಎಂದರು.

ಕಮಲಾಬಾಯಿ ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದರು. "ಆ ದನಿ ಒಮ್ಮಿ ಹಚ್ಚರಿ ಮೇಡಂ, ಫೋನಿನ್ಯಾಗೇ ಕೇಳ್ತೇನಿ." ನಾಳೆ ಎಂದೆ. ಬರುವ ವಾರ ಎಂದೆ. ಒಂದು ದಿನ, ಅಳಿಸಿಬಿಟ್ಟಿದ್ದಾರೆ ಎಂದು ಹೇಳಿದೆ.

"ಅಳಸೂದಿತ್ತಂದ್ರ ನನಗ್ಯಾಕ ಕೇಳಿಸಿದ್ರಿ?" ಎಂದರು. ಫೋನ್ ಇಟ್ಟುಬಿಟ್ಟರು.

ಆಮೇಲೆ ಫೋನ್ ಬರಲಿಲ್ಲ. ಕಳೆದ ತಿಂಗಳು, ಬೇರೊಂದು ಸರ್ವೆಗೆಂದು ಭಾಲ್ಕಿಗೆ ಹೋಗಿ ವಾಪಸ್ಸು ಬರುವಾಗ ಬಸ್ಸಿನಲ್ಲಿ ಫೋನ್ ರಿಂಗಾಯಿತು. ಅವರದೇ ನಂಬರ್. ಕತ್ತಲಾಗಿತ್ತು. ಎತ್ತುವ ಧೈರ್ಯವಾಗಲಿಲ್ಲ. ರಿಂಗಾಗಿ ರಿಂಗಾಗಿ ನಿಂತಿತು.

ರಾತ್ರಿ ಊಟಕ್ಕೆ ಕೂತಾಗ ಮತ್ತೆ ಬಂತು. ಎತ್ತಿದೆ.

"ಸಂಜಿಮುಂದ ರೇಣುಕಾನ ಸಂಗಟ ಅಷ್ಟೊತ್ತು ಏನ್ ಮಾತಾಡಿದ್ರಿ ಮೇಡಂ?" ಕಮಲಾಬಾಯಿಯ ದನಿಯಲ್ಲಿ ಸಿಟ್ಟಿರಲಿಲ್ಲ. "ನಾ ಹಿತ್ತಲದಾಗಿದ್ದೆ. ಬಂದು ನೋಡ್ತೇನಿ, ಫೋನ್ ಕಿವಿಗಿ ಹಚ್ಚಕೊಂಡು ಕುಂತಾಳ. ನಿಮ್ ಹೆಸರೇ ಇತ್ತು ಫೋನಿನ ಮ್ಯಾಲ. ಗೋಣ ಹಾಕ್ಲತ್ತಾಳ, ಕೇಳ್ಲತ್ತಾಳ... ಆಗಿಂದ ಅಳ್ಲತ್ತಾಳ. ಏನ್ ಹೇಳಿದ್ರಿ ಆಕಿಗಿ?"

ನಾನು ಫೋನ್ ಎತ್ತಿರಲಿಲ್ಲ. ಆಮೇಲೆ ತೆಗೆದು ನೋಡಿದೆ, ಮಿಸ್ಡ್ ಕಾಲ್ ಎಂದೇ ಇತ್ತು. ಈಗಲೂ ಹಾಗೇ ಇದೆ.

ಕಮಲಾಬಾಯಿ ಕಾಯುತ್ತಿದ್ದರು. ಏನೂ ಇಲ್ಲ ಎಂದು ಹೇಳಲು ನನ್ನ ನಾಲಿಗೆ ಏಳಲಿಲ್ಲ. ಆ ಹುಡುಗಿಗೆ ನಾನು ಏನೋ ಹೇಳಿದ್ದೇನೆ. ಏನೆಂದು ಆಕೆಗೆ ಗೊತ್ತು, ಹೇಳಲಾರಳು. ನನಗೆ ಗೊತ್ತಿಲ್ಲ.