ಅಕ್ಕನ ಎದೆಯ ಟಿಕ್ ಸದ್ದು

ಹೋದ ವಾರ ಎದುರು ಮನೆಯವರು ಕಬ್ಬಿಣದ ಗೇಟಿಗೆ ಕಪ್ಪು ಬಣ್ಣ ಹೊಡೆಸಿದರು. ಆ ವಾಸನೆ ಮೂಗಿಗೆ ಬಡಿದೊಡನೆ ನಾನು ಮೆಟ್ಟಿಲ ಮೇಲೆಯೇ ನಿಂತುಬಿಟ್ಟೆ. ಚೆನ್ನೈನ ಗಿಂಡಿಯಲ್ಲಿದ್ದ ನಮ್ಮ ಪ್ರಯೋಗಾಲಯದ ಕತ್ತಲ ಕೋಣೆಗೂ ಇದೇ ವಾಸನೆಯಿತ್ತು. ಬೆಳಕು ಎಲ್ಲೂ ಪ್ರತಿಫಲಿಸಬಾರದೆಂದು ಅಲ್ಲಿ ಗೋಡೆ, ಛಾವಣಿ, ಬಾಗಿಲು ಎಲ್ಲಕ್ಕೂ ಕಪ್ಪು ಬಳಿದಿದ್ದರು.

ಎರಡು ಸಾವಿರದ ಮೂರನೇ ಇಸವಿ. ನಾನು ಆಗಷ್ಟೇ ಸಂಶೋಧನೆಗೆ ಸೇರಿದ್ದೆ. ಅಲ್ಲಿದ್ದ ಹಿರಿಯ ಸಂಶೋಧಕಿಯನ್ನು ಅಕ್ಕ ಎನ್ನುತ್ತಿದ್ದೆ. ಉಡುಪಿ ಕಡೆಯವರು, ಮೈಲಾಪೂರಿನಲ್ಲಿ ಅವರ ಮನೆಯವರದೇ ತಿಂಡಿ ಹೋಟೆಲು. ಚಿಕ್ಕಂದಿನ ಜ್ವರವೊಂದು ಅವರ ಹೃದಯದ ಕವಾಟವನ್ನು ಕೆಡಿಸಿತ್ತು, ಆಗಲೇ ಡಾಕ್ಟರು ಆ ಜಾಗಕ್ಕೆ ಕೃತಕ ಕವಾಟ ಹಾಕಿದ್ದರು. ಫ್ಯಾನ್ ನಿಲ್ಲಿಸಿದರೆ ಅದರ ಟಿಕ್ ಟಿಕ್ ನನಗೂ ಕೇಳಿಸುತ್ತಿತ್ತು.

“ಕಣ್ಣಾಮುಚ್ಚಾಲೆಗೆ ನನ್ನನ್ನು ಯಾರೂ ಸೇರಿಸ್ತಿರ್ಲಿಲ್ಲ ಮಾರಾಯ್ತಿ. ಎಲ್ಲಿ ಅಡಗಿದ್ರೂ ಗೊತ್ತಾಗ್ತಿತ್ತು,” ಎಂದು ನಗುತ್ತಿದ್ದರು.

ಅಂಥದೇ ಕವಾಟದ ಮಾದರಿಯೊಂದು ನಮ್ಮ ಗಾಜಿನ ತೊಟ್ಟಿಯಲ್ಲಿತ್ತು. ನೀರಿನಲ್ಲಿ ಧೂಳಿನಷ್ಟು ಸಣ್ಣ ಮಣಿಗಳನ್ನು ತೇಲಿಬಿಟ್ಟು, ಬೆಳಕು ಹಾಯಿಸಿ, ಮೂರು ಕಡೆಯಿಂದ ಕ್ಯಾಮೆರಾದಲ್ಲಿ ಹಿಡಿಯುವುದು. ಆ ಚಿತ್ರಗಳಿಂದ ನೀರು ಹೇಗೆ ಸುಳಿಯಿತೆಂದು ಕಂಪ್ಯೂಟರು ಹೇಳಬೇಕು. ಕವಾಟದ ರೆಕ್ಕೆಯ ಹಿಂದೆ ಸುಳಿ ತಂಗಿದರೆ ಅಲ್ಲಿಯೇ ರಕ್ತ ಹೆಪ್ಪುಗಟ್ಟುತ್ತದೆ. ಆದರೆ ಕಂಪ್ಯೂಟರು ಹೇಳಿದ್ದು ನಿಜವೆಂದು ನಂಬುವುದು ಹೇಗೆ? ಅದಕ್ಕಾಗಿ ಅಕ್ಕ ಸುಳ್ಳು ಚಿತ್ರಗಳನ್ನು ತಯಾರಿಸುತ್ತಿದ್ದರು. ಕಪ್ಪು ಹಿನ್ನೆಲೆ, ಬಿಳಿ ಚುಕ್ಕೆಗಳು. ಯಾವ ಚುಕ್ಕೆ ಎಲ್ಲಿಗೆ ಹೋಯಿತೆಂದು ಅವರೊಬ್ಬರಿಗೇ ಗೊತ್ತು. ನಾನು ಅವನ್ನು ಕಂಪ್ಯೂಟರಿಗೆ ಉಣಿಸಿ, ಬಂದ ಉತ್ತರ ಒಪ್ಪಿಸಬೇಕು. ಸರಿ ಎಷ್ಟು, ತಪ್ಪು ಎಷ್ಟು ಎಂದು ಡೈರಿಯಲ್ಲಿ ಗೆರೆ ಎಳೆಯುತ್ತಿದ್ದೆ. ಒಮ್ಮೊಮ್ಮೆ ಇಲ್ಲದ ಚುಕ್ಕೆಗಳೂ ಅದಕ್ಕೆ ಕಾಣುತ್ತಿದ್ದವು. ಅವುಗಳಿಗೆ ನಾವಿಟ್ಟ ಹೆಸರು ಭೂತ.

ಒಂದು ಮಧ್ಯಾಹ್ನ ಕರೆಂಟು ಹೋಯಿತು. ಕತ್ತಲಲ್ಲಿ ಅಕ್ಕ ಪಕ್ಕದಲ್ಲೇ ಇದ್ದರು, ಆದರೆ ಸದ್ದು… ಇತ್ತು, ಇರಲಿಲ್ಲ. ಕಂಬಳಿಯೊಳಗಿನ ಗಡಿಯಾರದಂತೆ.

“ಅಕ್ಕಾ, ನಿಮ್ಮ ಸದ್ದು ಇವತ್ತ ಸರಿ ಕೇಳಸವಲ್ದು. ಬಟ್ಟಿ ಸುತ್ತಿದಂಗ ಐತಿ.”

“ನಿನ್ನ ಕಿವಿಗೂ ಭೂತ ಬಂತಾ ಎಂತ?”

“ಹುಡುಗಾಟಲ್ಲ ಅಕ್ಕಾ, ಖರೇನ ಹೇಳಾಕತ್ತೇನಿ.”

ಅವರು ತಮ್ಮ ಕೀಲಿ ಕೊಡುವ ಕೈಗಡಿಯಾರ ಬಿಚ್ಚಿದರು. “ಗೋಡೆಗೆ ಮುಖ ಮಾಡು. ಗಡಿಯಾರ ಬರಿಯದಾ, ಕರ್ಚೀಫಿನಲ್ಲಿ ಸುತ್ತಿದ್ದಾ, ಹೇಳು. ಮೊದಲು ನಿನ್ನ ಕಿವಿ ಪಾಸಾಗ್ಲಿ.”

ನಾನು ಗೋಡೆಗೆ ತಿರುಗಿದೆ. ಬರಿಯದು ಎಂದೆ. ಸುತ್ತಿದ್ದು ಎಂದೆ. ಮತ್ತೆ ಸುತ್ತಿದ್ದು… ಅವರು ಸರಿ, ತಪ್ಪು ಏನನ್ನೂ ಹೇಳುತ್ತಿರಲಿಲ್ಲ, ಮುಂದಿನದಕ್ಕೆ ಹೋಗುತ್ತಿದ್ದರು. ಪರೀಕ್ಷೆಯಲ್ಲಿ ತಪ್ಪಾಗಲಿ ಎಂದು ನಾನು ಬೇಡಿಕೊಂಡದ್ದು ಅದೊಂದೇ ಸಲ. ವಡಪಳನಿ ಗುಡಿಯ ಮುರುಗನಿಗೆ ಹರಕೆಯನ್ನೂ ಹೊತ್ತೆ.

ಕೊನೆಗೆ ಗಡಿಯಾರದ ಸದ್ದು ಬರಲಿಲ್ಲ. ತಿರುಗಿ ನೋಡಿದೆ. ಬಾಗಿಲ ಸಂದಿಯ ಬೆಳಕಿನಲ್ಲಿ ಅಕ್ಕ ಕರ್ಚೀಫಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಿದ್ದರು.

“ಎಲ್ಲ ಸರಿ ಹೇಳಿದಿ,” ಎಂದರು. “ಆಟೋ ಕರಿ.”

ಆಟೋದವನು ಕನ್ನಡಿಯಲ್ಲಿ ನೋಡಿ, “ಡೆಲಿವರಿ ಕೇಸಾ ಮಾ?” ಎಂದ.

“ಅಷ್ಟು ದಪ್ಪ ಕಾಣ್ತೇನಾ ನಾನು?” ಎಂದು ಅಕ್ಕ ನನ್ನ ಕಡೆ ತಿರುಗಿದರು. ನಗಲು ಹೋದರು, ಉಸಿರು ಸಾಲಲಿಲ್ಲ. ಆಸ್ಪತ್ರೆ ಮುಟ್ಟುವವರೆಗೂ ನನ್ನ ಮಣಿಕಟ್ಟು ಬಿಡಲಿಲ್ಲ. ಪ್ರತಿ ಸಿಗ್ನಲಿನಲ್ಲೂ ಎಂಜಿನ್ ನಿಲ್ಲಿಸಿದಾಗ ನಾನು ಕಿವಿಗೊಡುತ್ತಿದ್ದೆ, ಕಿವಿಗೊಡಲು ಹೆದರುತ್ತಲೂ ಇದ್ದೆ.

ಕವಾಟದ ಒಂದು ರೆಕ್ಕೆ ಹೆಪ್ಪುಗಟ್ಟಿದ ರಕ್ತದಲ್ಲಿ ಸಿಕ್ಕಿಕೊಂಡಿತ್ತು. ಹೆಪ್ಪು ಕರಗಿಸುವ ಔಷಧಿ ಹನಿಹನಿಯಾಗಿ ಇಳಿಯಿತು. ಅಕ್ಕ ಉಳಿದರು. ವಾರ್ಡಿನಲ್ಲಿ ಮತ್ತೆ ಆ ಸದ್ದು ಚೊಕ್ಕವಾಗಿ ಕೇಳಿದ ದಿನ ಅವರ ಅಮ್ಮ ನನ್ನ ಬಾಯಿಗೆ ತುರುಕಿದ ಮೈಸೂರುಪಾಕಿನ ರುಚಿ ಕೂಡ ನೆನಪಿದೆ.

ಮರುವರ್ಷ ಅವರಿಗೆ ದೆಹಲಿಯಲ್ಲಿ ಕೆಲಸವಾಯಿತು. ತಿಂಗಳಿಗೊಮ್ಮೆ ಫೋನು. ಮಾತು ಮುಗಿದ ಮೇಲೆ ಬಾಯಿ ತೆರೆದು ರಿಸೀವರ್ ಹತ್ತಿರ ಹಿಡಿಯುತ್ತಿದ್ದರು. ಬಾಯಿ ತೆರೆದರೆ ಆ ಸದ್ದು ಜೋರಾಗುತ್ತಿತ್ತು. “ಹೇಗುಂಟು, ಹೇಳು.” ನಾನು ಕಣ್ಣು ಮುಚ್ಚಿ ಆಲಿಸಿ, “ಚಲೋ ಐತಿ ಅಕ್ಕಾ,” ಎನ್ನುತ್ತಿದ್ದೆ.

ಒಂದು ತಿಂಗಳು ಫೋನು ಬರಲಿಲ್ಲ… ಆಮೇಲೆ ಅವರ ಅಮ್ಮನಿಂದ ಬಂತು. ಮತ್ತೆ ಹೆಪ್ಪುಗಟ್ಟಿತ್ತಂತೆ. ಈ ಸಲ ಆಸ್ಪತ್ರೆ ಸೇರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅದಾಗಿ ಎಷ್ಟೋ ವರ್ಷಗಳಾದವು. ಎಲ್ಲವನ್ನೂ ಪರೀಕ್ಷಿಸಿಯೇ ನಂಬುತ್ತಿದ್ದ ಅಕ್ಕ, ಅಷ್ಟು ದೂರದ ಫೋನಿನಲ್ಲಿ ಚೊಕ್ಕ ಸದ್ದಿಗೂ ಮಂಕು ಸದ್ದಿಗೂ ವ್ಯತ್ಯಾಸ ನನಗೆ ತಿಳಿಯುತ್ತದೆಯೇ ಎಂದು ಒಮ್ಮೆಯೂ ಪರೀಕ್ಷಿಸಲಿಲ್ಲ. ಒಂದು ಕರ್ಚೀಫು, ಒಂದು ಗಡಿಯಾರ ಸಾಕಿತ್ತು. ಮಾಡೋಣವೇ ಎಂದು ನಾನೂ ಕೇಳಲಿಲ್ಲ. ಉತ್ತರ ಏನು ಬರುವುದೋ ಎಂಬ ಹೆದರಿಕೆ ಇಬ್ಬರಿಗೂ ಇತ್ತು.